ಶೇಷಾದ್ರಿ ರಸ್ತೆಯ ಹಳೇ ಜೈಲು

ಬೆಂಗಳೂರಿನಲ್ಲಿ ಸರ್ಕಾರಕ್ಕೆ ಧಿಕ್ಕಾರ ಕೂಗಬೇಕೆಂದರೆ ಜೈಲಿಗೇ ಬರಬೇಕು. ತಮಾಷೆಯ ಮಾತಲ್ಲ. ನಗರದ ಬೇರೆ ರಸ್ತೆಗಳಲ್ಲಿ ಮೆರವಣಿಗೆ, ಧರಣಿಗಳಿಗೆ ತಡೆ ಬಿದ್ದ ಮೇಲೆ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ರೈತರು, ಗುತ್ತಿಗೆ ನೌಕರರು ಎಲ್ಲರಿಗೂ ಪೊಲೀಸರು ತೋರಿಸುವ ಜಾಗ ಒಂದೇ: ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. ಮೆಜೆಸ್ಟಿಕ್‌ನಲ್ಲಿ ಇಳಿದು, ಬ್ಯಾನರ್ ಸುತ್ತಿಕೊಂಡು ನಡೆದು ಬಂದವರು ಶಾಮಿಯಾನದ ಕೆಳಗೆ ಕೂರುತ್ತಾರೆ, ಮೈಕ್ ಹಿಡಿಯುತ್ತಾರೆ, ಸಚಿವರು ಬಂದು ಮನವಿ ತಗೊಳ್ಳಲೆಂದು ಕಾಯುತ್ತಾರೆ. ಅವರು ಕೂತಿರುವುದು ಬೆಂಗಳೂರು ಸೆಂಟ್ರಲ್ ಜೈಲಿನ ಆವರಣದಲ್ಲಿ.

ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಕಾಲದಲ್ಲಿ, 1860ರ ದಶಕದಲ್ಲಿ ಎದ್ದ ಜೈಲಿದು. ಇಪ್ಪತ್ತೊಂದು ಎಕರೆಯಷ್ಟು ಜಾಗ. ನಡುವೆ ಕಾವಲು ಗೋಪುರ, ಅದರ ಸುತ್ತ ಬ್ಯಾರಕ್‌ಗಳು. ಮೇಲೆ ನಿಂತ ಒಬ್ಬನೇ ಕಾವಲುಗಾರನ ಕಣ್ಣು ಎಲ್ಲ ಕಡೆ ಹಾಯಬೇಕೆಂಬ ಲೆಕ್ಕಾಚಾರ. ಕೈದಿಗಳನ್ನು ಹೊಸೂರು ರಸ್ತೆ ಕಡೆಯ ಪರಪ್ಪನ ಅಗ್ರಹಾರದ ಹೊಸ ಜೈಲಿಗೆ ಸಾಗಿಸಿದ ಮೇಲೆ ಖಾಲಿ ಬಿದ್ದಿದ್ದ ಜಾಗ 2008ರಲ್ಲಿ ಉದ್ಯಾನವಾಗಿ ತೆರೆಯಿತು. ವಿನ್ಯಾಸ ಮಾಡಿದ ವಾಸ್ತುಶಿಲ್ಪಿಗಳು ಎಲ್ಲವನ್ನೂ ಕೆಡವಿ ಹುಲ್ಲುಹಾಸು ಹಾಸಲಿಲ್ಲ. ಗೋಪುರವನ್ನೂ ಕೆಲವು ಬ್ಯಾರಕ್, ಸೆಲ್‌ಗಳನ್ನೂ ಉಳಿಸಿಕೊಂಡರು. ಈಗ ಅಲ್ಲಿ ಕಾಲೇಜು ಹುಡುಗ ಹುಡುಗಿಯರು ಸರಳುಗಳ ಹಿಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಈ ಜೈಲಿನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾಗಿ ಇಲ್ಲಿಗೆ ಬಂದರು. ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡರೂ ಇಲ್ಲಿದ್ದರು. ಅಡ್ವಾಣಿ ದಿನಚರಿ ಬರೆದರು, ವಾಜಪೇಯಿ ಕವಿತೆ ಬರೆದರು. ಒಂದೇ ಜೈಲು ಇಬ್ಬರು ಮುಂದಿನ ಪ್ರಧಾನಿಗಳನ್ನು ಕಂಡಿತ್ತೆಂದು ಹೇಳಿಕೊಳ್ಳುವುದು ಬೆಂಗಳೂರಿಗರಿಗೆ ಇಷ್ಟ.

ಸ್ನೇಹಲತಾ ರೆಡ್ಡಿಯವರ ಮಾತು ಅಷ್ಟಾಗಿ ಬರುವುದಿಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರು ಕಂಡಿದ್ದ ನಟಿ, ಸಮಾಜವಾದಿ. ತುರ್ತು ಪರಿಸ್ಥಿತಿಯ ವಿರುದ್ಧ ಸ್ಫೋಟಕ್ಕೆ ಸಂಚು ಹೂಡಿದ್ದರೆಂಬ ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ 1976ರ ಮೇ ತಿಂಗಳಲ್ಲಿ ಹಿಡಿದು, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯ್ದೆಯಡಿ ಇಲ್ಲಿಟ್ಟರು. ಒಬ್ಬರು ಕಾಲು ಚಾಚುವಷ್ಟು ಅಗಲದ ಸೆಲ್. ಮಂಚವಿಲ್ಲ, ಕುರ್ಚಿಯಿಲ್ಲ, ನೆಲವೇ ಹಾಸಿಗೆ. ಒಂದು ತುದಿಯಲ್ಲಿ ಶೌಚಕ್ಕೆಂದು ತೂತು. ಅವರಿಗೆ ಮೊದಲಿಂದಲೂ ಆಸ್ತಮಾ. ಸರಿಯಾದ ಚಿಕಿತ್ಸೆ ಸಿಗದೆ ಉಬ್ಬಸ ಏರುತ್ತಲೇ ಹೋಯಿತು. ರಾತ್ರಿಯ ಮೌನದಲ್ಲಿ ಆಕೆಯ ನರಳಾಟ ಕೇಳಿಸುತ್ತಿತ್ತೆಂದು ದಂಡವತೆ ಮುಂದೆ ನೆನಪಿಸಿಕೊಂಡಿದ್ದಾರೆ. ಅಂಥ ಸ್ಥಿತಿಯಲ್ಲೂ ಜೊತೆಯ ಹೆಣ್ಣುಮಕ್ಕಳಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ ಅವರು ದನಿ ಎತ್ತಿದರು, ಅವರಿಗೆ ಆಟ, ಹಾಡು ಕಲಿಸಿದರು. ವಿಚಾರಣೆ ನಡೆಯಲೇ ಇಲ್ಲ. 1977ರ ಜನವರಿಯಲ್ಲಿ, ಇನ್ನು ಉಳಿಯುವುದು ಕಷ್ಟ ಎನ್ನುವಾಗ ಪೆರೋಲ್ ಕೊಟ್ಟರು; ಅದೇ ತಿಂಗಳು ತೀರಿಕೊಂಡರು. ಜೈಲಿನಲ್ಲಿ ಅವರು ಬರೆದ ಟಿಪ್ಪಣಿಗಳು ಆ ವರ್ಷವೇ ಪುಸ್ತಕವಾಗಿ ಬಂದವು.

ಹೆಸರುವಾಸಿ ನಟಿಗೇ ಹೀಗಾದರೆ ಊರುಕೇರಿ ಗೊತ್ತಿಲ್ಲದ ಕೈದಿಯ ಗತಿ? ಉತ್ತರ ಅದೇ ಜೈಲಿನಿಂದ ಬಂತು, ಕಾಗದದ ರೂಪದಲ್ಲಿ. 1984ರ ಏಪ್ರಿಲ್‌ನಲ್ಲಿ ಕೈದಿಯೊಬ್ಬ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೇ ಪತ್ರ ಬರೆದ: ಊಟ ಬಾಯಿಗಿಡುವಂತಿಲ್ಲ, ಹಿಂಸೆ ನಡೆಯುತ್ತಿದೆ, ದುಡಿದದ್ದಕ್ಕೆ ಸರಿಯಾದ ಕೂಲಿ ಇಲ್ಲ. ನ್ಯಾಯಾಲಯ ಪತ್ರವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು, ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರಿಂದ ವರದಿ ತರಿಸಿಕೊಂಡಿತು. ತೀರ್ಪು ಬಂದದ್ದು 1996ರ ಡಿಸೆಂಬರ್‌ನಲ್ಲಿ. ಹನ್ನೆರಡು ವರ್ಷ! ವಿಚಾರಣೆಯ ವಿಳಂಬವೂ ಜೈಲುಗಳ ಒಂದು ರೋಗವೆಂದು ಆ ತೀರ್ಪೇ ಹೇಳಿತು. ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಈ ಪ್ರಕರಣ ಇವತ್ತಿಗೂ ಜೈಲು ಸುಧಾರಣೆಯ ಯಾವ ಚರ್ಚೆಯಲ್ಲೂ ತಪ್ಪದೆ ಬರುತ್ತದೆ. ತೀರ್ಪು ಬರೆದ ನ್ಯಾಯಮೂರ್ತಿ ಹನ್ಸಾರಿಯಾ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿದರು. ಮೊದಲನೆಯದು ಕಿಕ್ಕಿರಿದ ಬ್ಯಾರಕ್. ಹಿಂಸೆ, ಆರೋಗ್ಯ, ಊಟ ಬಟ್ಟೆ, ಮುಲಾಕಾತ್ ಎಲ್ಲ ದಾಟಿ ಒಂಬತ್ತನೆಯದು ಬಯಲು ಬಂದೀಖಾನೆಗಳ, ಅಂದರೆ ತೆರೆದ ಜೈಲುಗಳ, ನಿರ್ವಹಣೆ.

ಜೈಲು ಜಾಗ ಬದಲಿಸಿತು. ಸಮಸ್ಯೆಗಳ ಪಟ್ಟಿ ಅದರ ಜೊತೆಗೇ ಹೋಯಿತು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ನೂರು ಜನರ ಜಾಗದಲ್ಲಿ 131 ಜನ. ಇವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ಇನ್ನೂ ತಪ್ಪಿತಸ್ಥರೆಂದು ಸಾಬೀತಾಗದ ವಿಚಾರಣಾಧೀನರು. ಹೊಸ ಬ್ಯಾರಕ್ ಕಟ್ಟಿ ಈ ಗುಂಪನ್ನು ಕರಗಿಸಲಾಗದು, ಏಕೆಂದರೆ ಅದು ಹುಟ್ಟುವುದು ಕೋರ್ಟಿನಲ್ಲಿ. ಜಾಮೀನು ಮಂಜೂರಾದರೂ ಜಾಮೀನುದಾರ ಬೇಕು. ಅವನ ಕೈಯಲ್ಲಿ ಜಮೀನಿನ ಪಹಣಿಯೋ ಮನೆಯ ಖಾತೆಯೋ ಇರಬೇಕು. ಕಟ್ಟಡ ಕೆಲಸಕ್ಕೆ ಯಾದಗಿರಿಯಿಂದಲೋ ಬಿಹಾರದಿಂದಲೋ ಬಂದು ಸಿಕ್ಕಿಬಿದ್ದವನಿಗೆ ಬೆಂಗಳೂರಿನಲ್ಲಿ ಪಹಣಿ ಹಿಡಿದು ಬರುವವರು ಯಾರು? ಜಾಮೀನಾಗಿ ಒಂದು ವಾರದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ಸಾಬೀತಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಗಂಭೀರ ಅಪರಾಧಗಳನ್ನು ಬಿಟ್ಟು, ಬಿಡುಗಡೆಗೆ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ದಾರಿ ಮಾಡಿದೆ. ಕಾನೂನು ಇದೆ. ಅದನ್ನು ಕೈದಿಯ ಕಡತದವರೆಗೆ ಮುಟ್ಟಿಸುವ ಕೈಗಳ ಕೊರತೆ.

ಪರಪ್ಪನ ಅಗ್ರಹಾರ ಸುದ್ದಿಯಾಗುವುದು ಮಾತ್ರ ಬೇರೆಯದೇ ಕಾರಣಕ್ಕೆ. 2017ರಲ್ಲಿ ಅಂದಿನ ಡಿಐಜಿ ಡಿ. ರೂಪಾ ಅಲ್ಲಿ ಪ್ರಭಾವಿ ಕೈದಿಗೆ ಪ್ರತ್ಯೇಕ ಅಡುಗೆಮನೆ ಇದೆಯೆಂದು ವರದಿ ಕೊಟ್ಟರು. 2024ರಲ್ಲಿ ಕೊಲೆ ಆರೋಪ ಹೊತ್ತ ಜನಪ್ರಿಯ ನಟನೊಬ್ಬ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಸಿಗರೇಟು, ಕಪ್ಪು ಹಿಡಿದ ಫೋಟೊ ಹೊರಬಿತ್ತು. ಅಧಿಕಾರಿಗಳು ಅಮಾನತಾದರು, ನಟ ಬಳ್ಳಾರಿ ಜೈಲಿಗೆ ಹೋದ. ಜನರ ಸಿಟ್ಟು ಸಹಜವೇ. ಆದರೆ ಆ ಸಿಟ್ಟು ಸಲೀಸಾಗಿ 'ಜೈಲಿನವರಿಗೆ ಏನೂ ಕೊಡಬೇಡಿ' ಎಂಬಲ್ಲಿಗೆ ತಿರುಗುತ್ತದೆ. ಪೆಟ್ಟು ಬೀಳುವುದು ಪಹಣಿ ಇಲ್ಲದವನಿಗೆ.

ಒಳ್ಳೆಯದೇನೂ ಆಗಿಲ್ಲವೆಂದರೆ ತಪ್ಪಾದೀತು. ರಾಜ್ಯದಲ್ಲಿ ಸಜಾ ಕೈದಿಗಳ ದಿನಗೂಲಿ 500 ರೂಪಾಯಿ ದಾಟಿದೆ, ಇದು ದೇಶದಲ್ಲೇ ಹೆಚ್ಚಿನ ಕೂಲಿಗಳಲ್ಲೊಂದು. ಸುಪ್ರೀಂ ಕೋರ್ಟಿಗೆ ಪತ್ರ ಬರೆದವನ ಮೂರು ದೂರುಗಳಲ್ಲಿ ಒಂದಕ್ಕಾದರೂ ಮರ್ಯಾದೆಯ ಉತ್ತರ ಸಿಕ್ಕಿದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಬಳ್ಳಾರಿ, ಮೈಸೂರು ಜೈಲುಗಳ ಕೈದಿಗಳಿಗೆ ಬಣ್ಣ ಹಚ್ಚಿ ರಂಗಕ್ಕೆ ಹತ್ತಿಸಿದ್ದು ಸಣ್ಣ ಕೆಲಸವಲ್ಲ.

ಒಂಬತ್ತನೇ ಸಮಸ್ಯೆಯ ಮಾತು ಬಾಕಿ ಇದೆ. ಕರ್ನಾಟಕಕ್ಕೆ ಇರುವುದು ಒಂದೇ ಬಯಲು ಬಂದೀಖಾನೆ, ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ (ಐಟಿ ಮಂದಿಯ ಕೋರಮಂಗಲ ಅಲ್ಲ). ಅಲ್ಲಿ ಸನ್ನಡತೆಯ ಸಜಾ ಕೈದಿಗಳು ಹೊಲ ತೋಟ ನೋಡಿಕೊಳ್ಳುತ್ತಾರೆ. ರಾಜಸ್ಥಾನದಲ್ಲಿ ಇಂಥವು ಹಲವು ಇವೆ. ಜೈಪುರದ ಪಕ್ಕದ ಸಾಂಗಾನೇರ್‌ನಲ್ಲಿ ಕೈದಿಗಳು ಹೆಂಡತಿ ಮಕ್ಕಳ ಜೊತೆ ಬದುಕುತ್ತಾರೆ, ಬೆಳಗ್ಗೆ ಊರಿಗೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಹಾಜರಿಗೆ ವಾಪಸ್ಸಾಗುತ್ತಾರೆ. ಒಳಗಿನ ವ್ಯವಹಾರಕ್ಕೆ ಅವರದೇ ಪಂಚಾಯಿತಿ. ಕಾವಲಿನ ಖರ್ಚೂ ಕಡಿಮೆ. ಬೆಳಗಾವಿಯ ಹಿಂಡಲಗಾ, ಕಲಬುರಗಿ, ವಿಜಯಪುರ, ಬಳ್ಳಾರಿ: ರಾಜ್ಯದ ಈ ಯಾವ ಕೇಂದ್ರ ಕಾರಾಗೃಹದ ಬಳಿಯೂ ಎರಡನೇ ಬಯಲು ಬಂದೀಖಾನೆ ಇನ್ನೂ ಆಗಿಲ್ಲ.