ಬೀಳುವ ಗೋಡೆಗೆ ಹೊಣೆ ಯಾರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕಟ್ಟುವ ಕಷ್ಟವನ್ನು ಚೆನ್ನಾಗಿ ಹೇಳುತ್ತದೆ. ಕಟ್ಟಿದುದನ್ನು ಉಳಿಸಿಕೊಳ್ಳುವ ಕಷ್ಟವನ್ನು ಹೇಳುವುದಿಲ್ಲ. ಗೃಹಪ್ರವೇಶದ ಮಾರನೆಯ ದಿನದಿಂದಲೇ ಬಿಸಿಲು, ಮಳೆ, ಗಾಳಿಗಳು ಕಟ್ಟಡವನ್ನು ಸವೆಯಿಸತೊಡಗುತ್ತವೆ. ಉಡುಪಿ ಜಿಲ್ಲೆಯಲ್ಲಿ ಈ ಸವೆತ ಬಹು ಬಿರುಸು. ಇಲ್ಲಿ ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ. ಹೀಗಿರಲು, ಒಬ್ಬನ ಗೋಡೆ ಶಿಥಿಲವಾಗಿ ದಾರಿಹೋಕರ ಮೇಲೆ ಬೀಳುವಂತಿದ್ದರೆ ಅದನ್ನು ತಡೆಯಬೇಕಾದವರು ಯಾರು? ಒಬ್ಬನ ಸ್ವಂತ ಆಸ್ತಿಯ ವಿಷಯದಲ್ಲಿ ಊರಿನ ಆಡಳಿತಕ್ಕೆ ಏನು ಅಧಿಕಾರವಿದೆ? ಮೊದಲು ಗೋಡೆಯ ವಿಚಾರವನ್ನೂ ಆಮೇಲೆ ಕಾನೂನಿನ ವಿಚಾರವನ್ನೂ ನೋಡೋಣ.

ಉಡುಪಿ, ಕಾರ್ಕಳಗಳ ಹಳೆಯ ಮನೆಗಳ ಗೋಡೆ ಹೆಚ್ಚಾಗಿ ಮುರಕಲ್ಲಿನದು. ನೆಲದಿಂದ ಕಡಿದು ತೆಗೆಯುವಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಇದರ ಗುಣ. ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ‘ಲ್ಯಾಟರೈಟ್’ ಎಂದು ಕರೆದನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಈ ಕಲ್ಲಿನ ತುಂಬ ಸಣ್ಣ ರಂಧ್ರಗಳಿರುವುದರಿಂದ ಅದು ನೀರನ್ನು ಹೀರುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಮಾಡನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ, ಗೋಡೆಗೆ ಮಳೆ ತಾಗದಂತೆ ನೋಡಿಕೊಂಡರು. ಜಾರಿದ ಹಂಚೊಂದನ್ನು ಸರಿಪಡಿಸದೆ ಮಳೆಗಾಲಗಳನ್ನು ಕಳೆದರೆ ಸಾಕು. ನೀರು ಪಕ್ಕಾಸನ್ನು ಕೊಳೆಯಿಸಿ, ಗೋಡೆಯ ತಲೆಗಿಳಿದು, ಕಲ್ಲುಗಳ ನಡುವಣ ಗಾರೆಯನ್ನು ತೊಳೆದುಬಿಡುತ್ತದೆ.

ಮಣಿಪಾಲದ ಬಹು ಅಂತಸ್ತಿನ ಕಟ್ಟಡಗಳು ಕಾಂಕ್ರೀಟಿನವು. ಅವುಗಳ ರೋಗ ಬೇರೆ ಬಗೆಯದು. ಹೊಸ ಕಾಂಕ್ರೀಟು ಕ್ಷಾರಗುಣವುಳ್ಳದ್ದಾದುದರಿಂದ ಒಳಗಿನ ಕಬ್ಬಿಣದ ಸರಳಿನ ಮೇಲೆ ರಕ್ಷಣೆಯ ತೆಳುಪೊರೆಯೊಂದು ಉಂಟಾಗಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಳು ಕಳೆದಂತೆ ಒಳಹೊಕ್ಕು ಆ ಕ್ಷಾರವನ್ನು ಕುಗ್ಗಿಸುತ್ತದೆ. 1901ರ ದೀಪಸ್ತಂಭವಿರುವ ಕಾಪುವಿನ ಕಡಲತೀರದಂತಹ ಕಡೆ ಉಪ್ಪಿನ ಕ್ಲೋರೈಡು ಆ ಪೊರೆಯನ್ನೇ ಭೇದಿಸುತ್ತದೆ. ಆಗ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಉಬ್ಬಿದಂತೆ ಕಾಂಕ್ರೀಟು ಒಳಗಿನಿಂದಲೇ ಬಿರಿಯುತ್ತದೆ. ಇದಕ್ಕಾಗಿಯೇ ಭಾರತೀಯ ಮಾನಕ 456, ತನ್ನ 2000ದ ಪರಿಷ್ಕರಣೆಯಲ್ಲಿ, ಸೌಮ್ಯ ಪರಿಸರದಲ್ಲಿ ಸರಳಿನ ಮೇಲೆ 20 ಮಿಲಿಮೀಟರು ಹೊದಿಕೆ ಸಾಕೆಂದರೆ, ಕಡಲಗಾಳಿಗೆ ತೆರೆದಿರುವ ಕಡೆ 45 ಮಿಲಿಮೀಟರು ಇರಬೇಕೆಂದು ವಿಧಿಸಿತು. ಕಟ್ಟಡದ ನಿಯಮವೆಂಬುದು ಅಧಿಕಾರಿಯ ಮನಸ್ಸಿಗೆ ತೋಚಿದ ಮಾತಲ್ಲ. ಅದರ ಹಿಂದೆ ರಸಾಯನಶಾಸ್ತ್ರವಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಕಾನೂನು. ಸುಮಾರು 3700 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯು, ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆಯೆಂದು ವಿಧಿಸಿದ್ದನು. ಅದು ಬಿದ್ದ ಮೇಲಿನ ನ್ಯಾಯ. ಇಂದಿನ ಕಾನೂನಿನ ಉದ್ದೇಶ ಬೀಳದಂತೆ ತಡೆಯುವುದು. ಮಣಿಪಾಲವನ್ನೊಳಗೊಂಡ ಉಡುಪಿಯ ನಗರಸಭೆಯೂ ಕಾಪು, ಕಾರ್ಕಳಗಳ ಪುರಸಭೆಗಳೂ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಂತೆ ನಡೆಯುತ್ತವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಕಟ್ಟಡಗಳ ನಿಯಂತ್ರಣವನ್ನು ನಗರಾಡಳಿತಕ್ಕೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿತು.

ಈ ಅಧಿಕಾರಕ್ಕೆ ಎರಡು ಮುಖಗಳಿವೆ. ಕಟ್ಟುವ ಮುನ್ನ ನಕ್ಷೆಯನ್ನು ಪರೀಕ್ಷಿಸಿ ಪರವಾನಗಿ ಕೊಡುವುದು ಮೊದಲನೆಯದು. ಕಟ್ಟಡವು ಅಪಾಯಕಾರಿಯಾದಾಗ, ದುರಸ್ತಿ ಮಾಡು ಅಥವಾ ತೆಗೆದುಹಾಕು ಎಂದು ನೋಟೀಸು ಕೊಡುವುದು, ಕೇಳದಿದ್ದರೆ ತಾನೇ ಮಾಡಿಸಿ ವೆಚ್ಚವನ್ನು ವಸೂಲು ಮಾಡುವುದು ಎರಡನೆಯದು. ಪರವಾನಗಿಯು ಕಟ್ಟುವ ಹೊತ್ತಿನ ಕಾರ್ಯ. ತುಕ್ಕಾದರೋ ದಿನದಿನವೂ ಬೆಳೆಯುವಂಥದು. ತೊಡಕು ಇಲ್ಲಿಯೇ ಇದೆ. ಹತ್ತಾರು ಪಾಲುದಾರರಿರುವ ಹಳೆಯ ಮನೆಗೆ ನೋಟೀಸು ಬಂದರೆ ಹಂಚು ಹೊದೆಸುವ ಖರ್ಚು ಕೊಡುವವರು ಯಾರು? ಬಾಡಿಗೆದಾರನಿದ್ದರೆ ಅವನು ಎಲ್ಲಿಗೆ ಹೋಗಬೇಕು?

ಆಡಳಿತವೇ ಮಾಲೀಕನಾದಾಗ ತೊಡಕು ಇನ್ನೂ ಹೆಚ್ಚು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಅಲ್ಲಿನ ಮಹಾನಗರಪಾಲಿಕೆಯ ಸ್ವತ್ತು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನೋಟೀಸು ಕೊಡಬೇಕಾದವನೂ ಅದನ್ನು ಪಡೆಯಬೇಕಾದವನೂ ಒಬ್ಬನೇ ಆದರೆ ಎಚ್ಚರಿಸುವವರು ಯಾರು?

ಅಧಿಕಾರಕ್ಕೆ ಕಡಿವಾಣವೂ ಬೇಕು. ಅಕ್ರಮವೆಂದು ಹೇಳಿ ಕಟ್ಟಡ ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟೀಸು ಕೊಟ್ಟು, ಮಾಲೀಕನ ಅಹವಾಲನ್ನು ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 13ರಂದು ವಿಧಿಸಿತು. ರಸ್ತೆಯಂತಹ ಸಾರ್ವಜನಿಕ ಸ್ಥಳದ ಅತಿಕ್ರಮಣಕ್ಕೆ ವಿನಾಯಿತಿ ಇತ್ತಿತು. ತಡವಾಗಿ ಬಂದ ಅಧಿಕಾರಿಗೆ ಕೆಡವುವ ದಾರಿಯೊಂದೇ ಉಳಿದಿರಬಹುದು. ಬೇಗ ಬಂದವನಿಗೆ ದುರಸ್ತಿಯ ದಾರಿ ತೆರೆದಿರುತ್ತದೆ.

ಆದುದರಿಂದ ನೋಟೀಸಿಗೆ ಮುಂಚಿನ ಎಚ್ಚರವೇ ಮುಖ್ಯ. ಅದಕ್ಕೆ ಯಾವ ಅಧಿಕಾರವೂ ಬೇಕಿಲ್ಲ. ವಿದ್ಯಾರ್ಥಿಗಳು ಮಳೆಗಾಲ ಮುಗಿದೊಡನೆ ತಮ್ಮ ಮನೆಯನ್ನೂ ಶಾಲೆಯನ್ನೂ ಒಮ್ಮೆ ಸುತ್ತಿ ನೋಡಲಿ. ತೊಲೆಯ ಉದ್ದಕ್ಕೂ ಕಂದು ಬಣ್ಣದ ಗೆರೆ ಮೂಡಿದೆಯೆ? ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಸಸಿ ಚಿಗುರಿದೆಯೆ? ಹಂಚು ಜಾರಿದೆಯೆ? ಕಂಡದ್ದನ್ನು ಹಿರಿಯರಿಗೆ ತಿಳಿಸಲಿ. ಅಗತ್ಯವಾದರೆ ಪುರಸಭೆಗೆ ಬರೆಯಲಿ. ಬೇರು ಗೋಡೆಯೊಳಗೆ ಇಳಿಯುವ ಮೊದಲು ಆ ಸಸಿಯನ್ನು ಕೈಯಿಂದಲೇ ಕೀಳಬಹುದು.