ಅಕ್ಕನಿಗೆ ಡೈಲಾಗು ಕಡಿಮೆ!

ಫೈಟಿಂಗ್ ಇಲ್ಲ, ಡ್ಯುಯೆಟ್ ಇಲ್ಲ. ಸುಮಾರು ಮೂರು ತಾಸಿನ ಕಪ್ಪು-ಬಿಳುಪಿನ ಇಂಗ್ಲಿಷ್ ಚಿತ್ರ. ನಮ್ಮ ಕೊಪ್ಪಳದ ಹುಡುಗರನ್ನು ಅದರ ಮುಂದೆ ಕೂಡ್ರಿಸಿದರೆ ಇಂಟರ್‌ವೆಲ್ಲಿಗೇ ಎದ್ದು ಮಿರ್ಚಿ ಅಂಗಡಿ ಸೇರುತ್ತಾರೆ. ನಾನೂ ಅದೇ ಪೈಕಿ ಬಿಡಿ! ಆದರೆ ಹದಿನೈದು ವರ್ಷದ ಹಿಂದೆ ಅದರ ಸಿ.ಡಿ. ತಂದು ಹಾಕಿದಾಗ, ಒಂದಕ್ಷರ ಇಂಗ್ಲಿಷ್ ಬಾರದ ನಮ್ಮಜ್ಜಿ ಕಂಬಕ್ಕೆ ಆತು ಕೂತು ಕೊನೆತನಕ ನೋಡಿದಳು.

ಚಿತ್ರ 'ದಿ ಡೈರಿ ಆಫ್ ಆನ್ ಫ್ರಾಂಕ್'. 1959ರದು. ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಯುದ್ಧದಲ್ಲಿ ಅಮೆರಿಕದ ಸೈನ್ಯದ ಜೊತೆ ಕ್ಯಾಮೆರಾ ಹೊತ್ತು ಹೋಗಿ, 1945ರಲ್ಲಿ ಡಕಾವ್ ಎಂಬ ನಾಜಿ ಶಿಬಿರವನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದವನು. ನಾಯಕಿ ಪಾತ್ರಕ್ಕೆ ಅವನು ಮೊದಲು ಕೇಳಿದ್ದು ಆಡ್ರೆ ಹೆಪ್‌ಬರ್ನ್‌ಳನ್ನು! ಆಕೆ ಒಲ್ಲೆ ಅಂದಳು. ಆನ್ ಹುಟ್ಟಿದ 1929ರಲ್ಲೇ ಹುಟ್ಟಿ, ಅದೇ ಹಾಲೆಂಡಿನಲ್ಲಿ ಜರ್ಮನರ ಬೂಟಿನ ಸಪ್ಪಳ ಕೇಳುತ್ತ ಬೆಳೆದವಳು ಆಕೆ. ಕೊನೆಗೆ ಮಿಲಿ ಪರ್ಕಿನ್ಸ್ ಎಂಬ ಹೊಸ ಹುಡುಗಿ ಆನ್ ಆದಳು. ಶೆಲ್ಲಿ ವಿಂಟರ್ಸ್‌ಗೆ ಪೋಷಕ ನಟಿಯ ಆಸ್ಕರ್ ಬಂತು. ಅದನ್ನು ಆಕೆ ಆಮ್‌ಸ್ಟರ್‌ಡಾಮಿನ ಆನ್ ಫ್ರಾಂಕ್ ಮನೆಗೇ ಕೊಟ್ಟುಬಿಟ್ಟಳು.

ಅಟ್ಟದಲ್ಲಿ ಎಂಟು ಮಂದಿ ಯಹೂದಿಗಳು. ಕೆಳಗೆ ಕೆಲಸಗಾರರು ಇರುವಷ್ಟು ಹೊತ್ತೂ ಉಸಿರು ಬಿಗಿಹಿಡಿದು ಕೂರಬೇಕು. ಅಂಥ ಒಂದು ಸೀನಿನಲ್ಲಿ ಅಜ್ಜಿ ಮೂಲೆಯಲ್ಲಿದ್ದ ಹುಡುಗಿಯನ್ನು ತೋರಿಸಿ ಕೇಳಿದಳು:

"ಆಕಿ ಯಾರೋ ತಮ್ಮಾ? ಬಾಯೇ ಬಿಡವಲ್ಲಳು."

"ಅಕ್ಕ ಯಮ್ಮಾ. ಮಾರ್ಗೋ ಅಂತ."

"ನಮ್ಮಕ್ಕನೂ ಹಂಗ ಇದ್ಲು."

ನಾನು ಟಿ.ವಿ. ಸಣ್ಣದು ಮಾಡಿದೆ.

1947ರ ಆಗಸ್ಟ್ 15ರಂದು ಗಡಿಯಾಚೆಯ ಮುಂಡರಗಿಗೆ ಸ್ವಾತಂತ್ರ್ಯ ಬಂತು. ಈಚೆಗಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಕ್ಕೆ ಬರಲಿಲ್ಲ. ಇವೆಲ್ಲ ನಿಜಾಮನ ರಾಜ್ಯ. ಮುಂದೆ ಹದಿಮೂರು ತಿಂಗಳು ಕಾಸಿಂ ರಜವಿಯ ರಜಾಕಾರರ ದಂಡು ಹಳ್ಳಿಹಳ್ಳಿಗಳನ್ನು ನಡುಗಿಸಿತು. ಎಷ್ಟೋ ಸಂಸಾರಗಳು ಮನೆಗೆ ಕೀಲಿ ಹಾಕಿ ಗಡಿ ದಾಟಿದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವಿತ್ತು. ಗಜೇಂದ್ರಗಡದಲ್ಲೂ ಹೋರಾಟಗಾರರ ಶಿಬಿರವಿತ್ತು.

ನಮ್ಮಜ್ಜಿಗೆ ಆಗ ಹತ್ತು ವರ್ಷ, ಆಕೆಯ ಅಕ್ಕನಿಗೆ ಹದಿನಾರು. ರಾತ್ರಿಯೆಲ್ಲ ಎರೆಹೊಲದಲ್ಲಿ ನಡಿಗೆ. ಅಜ್ಜಿಗೆ ಕೆಮ್ಮು. ಅಕ್ಕ ಸೆರಗನ್ನು ಮುದ್ದೆ ಮಾಡಿ ತಂಗಿಯ ಬಾಯಿಗೆ ಒತ್ತಿ ಹಿಡಿದಿದ್ದಳಂತೆ. "ಜೀವ ಹೋಕ್ಕೈತೇನೋ ಅನಿಸ್ತು. ಕಚ್ಚಿಬಿಟ್ಟೆ ನೋಡು, ಕೈಗೆ! ಆದ್ರೂ ಬಿಡಲಿಲ್ಲ ಆಕಿ." ಬೆಳಗಾದಾಗ ಅಕ್ಕನ ಅಂಗೈಯಲ್ಲಿ ರಕ್ತ. ಅವಳು ತುಟಿ ಪಿಟಕ್ ಅನ್ನಲಿಲ್ಲ. ರೊಟ್ಟಿ ಗಂಟು ಬಿಚ್ಚಿ ತಂಗಿಗೆ ಕೊಟ್ಟಳು, ಅಷ್ಟೇ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಲ್ಲಿ ಸತ್ತ ಯಹೂದಿಗಳು 60 ಲಕ್ಷ. ಇಲ್ಲಿ 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮ ಶರಣಾದ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆಮೇಲೆ ರಜಾಕಾರರ ಮೇಲಿನ ಸಿಟ್ಟು ಏನೂ ಅರಿಯದ ಮುಸಲ್ಮಾನರ ಮೇಲೆ ತಿರುಗಿತು. ಇಡೀ ಹೈದರಾಬಾದ್ ರಾಜ್ಯದಲ್ಲಿ 27ರಿಂದ 40 ಸಾವಿರ ಮಂದಿ ಸತ್ತರೆಂದು ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಅವರಲ್ಲೂ ಅಕ್ಕ-ತಂಗಿಯರಿದ್ದರು.

ಆನ್ ಕಥೆ ಎಲ್ಲರಿಗೂ ಗೊತ್ತು. ಮಾರ್ಗೋದು? 1942ರ ಜುಲೈ 5ರಂದು ಜರ್ಮನಿಗೆ ದುಡಿಯಲು ಬಾ ಎಂಬ ನೋಟೀಸು ಬಂದದ್ದೇ ಹದಿನಾರರ ಮಾರ್ಗೋ ಹೆಸರಿಗೆ! ಅದಕ್ಕೇ ಮರುದಿನ ಆ ಸಂಸಾರ ಅಡಗಿದ್ದು. ಮಳೆಯಲ್ಲಿ ಸೈಕಲ್ ತುಳಿದು ಎಲ್ಲರಿಗಿಂತ ಮೊದಲು ಅಡಗುತಾಣಕ್ಕೆ ಹೋದವಳೂ ಅವಳೇ. 1944ರ ಆಗಸ್ಟ್ 4ಕ್ಕೆ ಸಿಕ್ಕಿಬಿದ್ದರು. 1945ರ ಆರಂಭದಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಟೈಫಸ್ ಜ್ವರ ಬಂದು ಮೊದಲು ಅಕ್ಕ ಹೋದಳು, ಹಿಂದೆಯೇ ತಂಗಿ. ಏಪ್ರಿಲ್ 15ಕ್ಕೆ ಬ್ರಿಟಿಷ್ ಸೈನ್ಯ ಆ ಶಿಬಿರ ಬಿಡಿಸಿತು. ಎಂಟರಲ್ಲಿ ಉಳಿದವನು ಅಪ್ಪ ಆಟೋ ಒಬ್ಬನೇ.

ಮಾರ್ಗೋ ಕೂಡ ಡೈರಿ ಬರೆಯುತ್ತಿದ್ದಳು. ಹಾಗಂತ ಆನ್‌ಳೇ ಬರೆದಿದ್ದಾಳೆ. ಅದು ಸಿಗಲೇ ಇಲ್ಲ. ಸಿಕ್ಕಿದ್ದರೆ ಸಿನಿಮಾದಲ್ಲಿ ಡೈಲಾಗು ಯಾರಿಗೆ ಹೆಚ್ಚಿರುತ್ತಿತ್ತೋ! ಗಾಂಧಿನಗರದ ನಿರ್ಮಾಪಕರೇ, ನಮ್ಮ ಎರೆಹೊಲದಲ್ಲೂ ಇಂಥ ಕಥೆಗಳಿವೆ. ಒಮ್ಮೆ ಈ ಕಡೆ ಬಸ್ ಹತ್ತಿ.

ಅಜ್ಜಿಯ ಅಕ್ಕ ಊರಿಗೆ ಮರಳಿದಳು, ಮದುವೆಯಾದಳು, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. ಮಾರ್ಗೋ ಡೈರಿಯ ಸಂಗತಿ ಹೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು.

"ನಮ್ಮಕ್ಕಗ ಬರಿಯಾಕ ಬರ್ತಿದ್ದಿಲ್ಲ ತಮ್ಮಾ. ನೀನರ ಆಕಿ ಹೆಸರು ಬರಕೋ."

ಹಾಳೆಗೆ ತಡಕಾಡಿದೆ. ಕೈಗೆ ಸಿಕ್ಕದ್ದು ಸಿ.ಡಿ.ಯ ಕವರು. ಅದರ ಬೆನ್ನಿಗೇ ಬರೆದುಕೊಂಡೆ.