ಬೀದರಿನ ಮನೆಗಳಲ್ಲಿ ಉಳಿದ ಎರಡು ನೆನಪುಗಳು

ಕರಾವಳಿಯವರಾದ ನಮಗೆ ಸ್ವಾತಂತ್ರ್ಯವೆಂದರೆ 1947ರ ಆಗಸ್ಟ್ 15. ಬೀದರಿನ ಗಾಂಧಿ ಗಂಜದ ಹಳೆಯ ಮನೆತನಗಳಲ್ಲಿ ಇನ್ನೊಂದು ದಿನಾಂಕವೂ ಇದೆ: 1948ರ ಸೆಪ್ಟೆಂಬರ್ 17. ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತದ ಸೇನೆಗೆ ಶರಣಾದ ದಿನವದು. ಬೀದರ್, ಭಾಲ್ಕಿ, ಔರಾದ್ ಅದರೊಳಗೇ ಇದ್ದವು.

ಆ ಕಾಲದ ದಿನನಿತ್ಯದ ಬದುಕು ಹೇಗಿತ್ತು? ಮನೆಯಲ್ಲಿ ಕನ್ನಡ ಇಲ್ಲವೇ ಮರಾಠಿ, ಕಚೇರಿಯಲ್ಲಿ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಅಜ್ಜನ ಕಾಲದ ಜಮೀನು ಪತ್ರವನ್ನು ಇಂದು ಮೊಮ್ಮಕ್ಕಳು ಓದಲಾರದಿದ್ದರೆ ಕಾರಣ ಇದೇ. ಸಂತೆಯಲ್ಲಿ ಚಲಾವಣೆಯಲ್ಲಿದ್ದುದು ಸಂಸ್ಥಾನದ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ! ವಿಲೀನದ ನಂತರವೂ ಕೆಲವು ವರ್ಷ ವ್ಯಾಪಾರಿಗಳಿಗೆ ಈ ಲೆಕ್ಕ ತಪ್ಪಲಿಲ್ಲ.

1948ರಲ್ಲಿ ಬಸವಕಲ್ಯಾಣದ ಬಳಿಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಜನ ಮರೆತಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಅದನ್ನು ಸ್ಮರಿಸುವುದು ನ್ಯಾಯವೇ. ಆದರೆ ಸೇನಾ ಕಾರ್ಯಾಚರಣೆಯ ನಂತರದ ದಿನಗಳನ್ನು ವೇದಿಕೆಯ ಮೇಲೆ ಹೇಳುವವರು ಕಡಿಮೆ. ರಜಾಕಾರರ ಸಂಬಂಧವೇ ಇಲ್ಲದ ಸಾವಿರಾರು ಮುಸ್ಲಿಮರು ಆಗ ಪ್ರತೀಕಾರಕ್ಕೆ ಬಲಿಯಾದರು. ಸರಕಾರವೇ ಕಳುಹಿಸಿದ ಪಂಡಿತ್ ಸುಂದರಲಾಲ್ ತಂಡ, ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಅಷ್ಟು ಕಾಲವೂ ಅದು ಮನೆಯೊಳಗಿನ ಮಾತಾಗಿಯೇ ಉಳಿಯಿತು.

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಕಚೇರಿಗೆ ಕನ್ನಡ ಬಂತು. ಉರ್ದುವಿನಲ್ಲಿ ಓದಿ ನೌಕರಿ ಹಿಡಿದಿದ್ದವರು, ಹಿಂದೂಗಳಾಗಲಿ ಮುಸ್ಲಿಮರಾಗಲಿ, ನಡುವಯಸ್ಸಿನಲ್ಲಿ ಮತ್ತೆ ಅಕ್ಷರ ತಿದ್ದಬೇಕಾಯಿತು.